ಒಂದು ಟ್ಯೂಬಿನೊಳಗೆ ನೂರು ಕೋಟಿ ಕಾಗುಣಿತ

ಕಾಗುಣಿತ ಬರೆದೂ ಬರೆದೂ ಕೈ ನೋಯಿಸಿಕೊಂಡವರು ಇದನ್ನು ಓದುತ್ತಿರುವವರಲ್ಲಿ ತುಂಬ ಜನ ಇರಬೇಕು. ನಿಮಗೆ ಒಂದು ಲೆಕ್ಕ ಕೇಳ್ತೀನಿ. ಕನ್ನಡದಲ್ಲಿ ವ್ಯಂಜನಗಳು 34. ಒಂದೊಂದು ವ್ಯಂಜನಕ್ಕೂ ಕ, ಕಾ, ಕಿ, ಕೀ ಅಂತ ಶುರುವಾಗಿ ಕಂ, ಕಃ ತನಕ 15 ರೂಪ. 34ನ್ನು 15ರಿಂದ ಗುಣಿಸಿದರೆ 510. ಅದರ ಕೆಳಗೆ ಒಂದು ಒತ್ತಕ್ಷರವನ್ನೂ ಸೇರಿಸಿದರೆ? 510ನ್ನು ಮತ್ತೆ 34ರಿಂದ ಗುಣಿಸಬೇಕು. 17,340 ಆಯಿತು. ಇಷ್ಟನ್ನೂ ಯಾವ ಟೀಚರೂ ನಿಮ್ಮ ಕೈಲಿ ಬಾಯಿಪಾಠ ಮಾಡಿಸಲಿಲ್ಲ. ನೀವು ಕಲಿತದ್ದು 34 ವ್ಯಂಜನ, 15 ರೂಪ, 34 ಒತ್ತು, ಒಟ್ಟು 83 ಆಕಾರ ಅಷ್ಟೇ. ಮಿಕ್ಕಿದ್ದೆಲ್ಲ ಜೋಡಣೆ.

ಹೊಸ ಔಷಧ ಹುಡುಕುವ ವಿಜ್ಞಾನಿಗಳೂ ಈಗ ಇಂಥದ್ದೇ ಕಾಗುಣಿತ ಬರೀತಾ ಇದ್ದಾರೆ. ಅಕ್ಷರಗಳ ಬದಲು ಅವರ ಹತ್ತಿರ ಇರೋದು ಸಣ್ಣ ಸಣ್ಣ ರಾಸಾಯನಿಕ ತುಣುಕುಗಳು. ಮೊದಲ ಜಾಗಕ್ಕೆ ಸಾವಿರ ತುಣುಕು, ಎರಡನೇ ಜಾಗಕ್ಕೆ ಸಾವಿರ, ಮೂರನೇ ಜಾಗಕ್ಕೆ ಸಾವಿರ. ಕೊಂಡು ತಂದದ್ದು ಮೂರೇ ಸಾವಿರ ತುಣುಕು, ಜೋಡಿಸಿದರೆ ನೂರು ಕೋಟಿ ಬೇರೆ ಬೇರೆ ಅಣುಗಳು. ಅಷ್ಟೂ ನಿಮ್ಮ ಕಿರುಬೆರಳಿಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇರುತ್ತವೆ, ಒಟ್ಟಿಗೆ ಕಲಸಿಹೋಗಿ. ಇದಕ್ಕೆ ಡಿಎನ್‌ಎ ಎನ್‌ಕೋಡೆಡ್ ಲೈಬ್ರರಿ ಅಂತ ಹೆಸರು. ಚಿಕ್ಕದಾಗಿ ಡೆಲ್ ಅಂತಾರೆ. (ಅಪ್ಪನ ಆಫೀಸ್ ಲ್ಯಾಪ್‌ಟಾಪಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.)

ಇಷ್ಟೊಂದು ಅಣುಗಳು ಯಾಕೆ ಬೇಕು ಅಂತ ಮೊದಲು ನೋಡೋಣ.

ನಮ್ಮ ಮೈಯಲ್ಲಿ ಹೆಚ್ಚಿನ ಕೆಲಸ ಮಾಡುವವು ಪ್ರೋಟೀನುಗಳು. ಪ್ರೋಟೀನ್ ಅಂದ ಕೂಡಲೇ ಬೇಳೆ, ಮೊಟ್ಟೆ, ಜಿಮ್‌ಗೆ ಹೋಗುವ ಅಣ್ಣಂದಿರ ಶೇಕ್ ನೆನಪಾಗುತ್ತೆ. ನಾನು ಹೇಳ್ತಿರೋದು ಜೀವಕೋಶದ ಒಳಗೆ ಕೆಲಸ ಮಾಡುವ ಪುಟ್ಟ ಯಂತ್ರಗಳ ಬಗ್ಗೆ. ಅವುಗಳ ಮೈಮೇಲೆ ಸಂದುಗಳು, ಗುಳಿಗಳು ಇರುತ್ತವೆ. ಸರಿಯಾದ ಆಕಾರದ ಸಣ್ಣ ಅಣುವೊಂದು ಆ ಗುಳಿಯಲ್ಲಿ ಹೋಗಿ ಕೂತರೆ ಯಂತ್ರ ನಿಲ್ಲಬಹುದು, ನಿಧಾನವಾಗಬಹುದು, ಕೆಲವು ಸಲ ಚುರುಕೂ ಆಗಬಹುದು. ಜ್ವರ ಬಂದಾಗ ಅಮ್ಮ ಕೊಡುವ ಐಬುಪ್ರೊಫೆನ್ ಮಾಡೋದು ಅದನ್ನೇ: ಕಾಕ್ಸ್ ಎಂಬ ಪ್ರೋಟೀನಿನ ಗುಳಿಯಲ್ಲಿ ಹೋಗಿ ಕೂರುತ್ತೆ. ಮನುಷ್ಯನಲ್ಲಿ ಪ್ರೋಟೀನಿನ ಸೂಚನೆ ಹೊತ್ತ ಜೀನುಗಳು ಸುಮಾರು 20,000. ನಮ್ಮ ಹತ್ತಿರ ಇವತ್ತು ಇರುವ ಔಷಧಿಗಳೆಲ್ಲ ಸೇರಿ ಗುರಿಯಿಟ್ಟಿರುವುದು ಅವುಗಳಲ್ಲಿ ಸುಮಾರು 700 ಪ್ರೋಟೀನುಗಳ ಮೇಲೆ. ಉಳಿದವಕ್ಕೆಲ್ಲ ಔಷಧಿ ಬೇಕು ಅಂತೇನಿಲ್ಲ. ಆದರೆ ಬೇಕಾದವಕ್ಕೂ ಸರಿಯಾದ ಅಣು ಸಿಗದೆ ಕಾಯಿಲೆಯವರು ಕಾಯ್ತಾ ಇದ್ದಾರೆ.

ಹಾಗೆ ಕಾಯುವುದು ಎಷ್ಟು ಉದ್ದ ಆಗಬಹುದು ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಒಂದು ಕಥೆ ಇದೆ. ವಾಷಿಂಗ್ಟನ್ ಕಡೆಯಿಂದ ಅಟ್ಲಾಂಟಾಕ್ಕೆ ಕಾರಲ್ಲಿ ಹೋಗುವವರು 85ನೇ ಹೈವೇಯಲ್ಲಿ ಡರ್ಹಮ್ ಊರನ್ನು ದಾಟುತ್ತೀರಿ. ಅಲ್ಲೇ ಹತ್ತಿರ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಇದೆ. ಕೇರಿ, ಮಾರಿಸ್‌ವಿಲ್ ಕಡೆಯ ಮಕ್ಕಳಿಗೆ ಹೇಳಬೇಕಾಗಿಲ್ಲ, ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ದಿನಾ ಅಲ್ಲಿಗೇ ಹೋಗಿ ಬರ್ತಾರೆ. 1960ರ ದಶಕದಲ್ಲಿ ಬೆಥೆಸ್ಡಾದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಒಂದು ದೊಡ್ಡ ಹುಡುಕಾಟ ನಡೆಸಿತು. ಕಾಡು ಮೇಡಿನಿಂದ ಗಿಡ, ತೊಗಟೆ, ಬೇರು ತರಿಸಿ, ಅದರ ಸಾರ ತೆಗೆದು, ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುವುದು. 1962ರಲ್ಲಿ ಆರ್ಥರ್ ಬಾರ್ಕ್‌ಲೇ ಎಂಬ ಸಸ್ಯಶಾಸ್ತ್ರಜ್ಞರು ವಾಷಿಂಗ್ಟನ್ ರಾಜ್ಯದ (ಡಿಸಿ ಅಲ್ಲ, ಆ ಕಡೆಯ ಪಶ್ಚಿಮದ ರಾಜ್ಯ) ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಸುಲಿದು ತಂದರು. ಆ ತೊಗಟೆ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟಿನ ಮನ್ರೋ ವಾಲ್ ಅವರ ಲ್ಯಾಬಿಗೆ ಬಂತು. ಅವರ ಜೊತೆ ಕೆಲಸ ಮಾಡಿದವರು ಮನ್ಸುಖ್ ವಾಣಿ. ಮಹಾರಾಷ್ಟ್ರದ ನಂದುರ್‌ಬಾರ್‌ನವರು, ಓದಲು ಅಮೆರಿಕಕ್ಕೆ ಬಂದು ಇಲ್ಲೇ ನೆಲೆಸಿದವರು.

ತೊಗಟೆಯ ಸಾರದಲ್ಲಿ ನೂರೆಂಟು ವಸ್ತು. ಅದರಲ್ಲಿ ಕ್ಯಾನ್ಸರ್ ತಡೆಯುವುದು ಯಾವುದು? ಸಾರವನ್ನು ಭಾಗ ಮಾಡು, ಒಂದೊಂದು ಭಾಗವನ್ನೂ ಪರೀಕ್ಷಿಸು, ಕೆಲಸ ಮಾಡಿದ ಭಾಗವನ್ನು ಮತ್ತೆ ಭಾಗ ಮಾಡು. ಹೀಗೆ ವರ್ಷಗಟ್ಟಲೆ ಮಾಡಿ ಕೊನೆಗೆ ಒಂದು ಶುದ್ಧ ಅಣು ಸಿಕ್ಕಿತು. ವಾಲ್ ಅದಕ್ಕೆ ಟ್ಯಾಕ್ಸಾಲ್ ಅಂತ ಹೆಸರಿಟ್ಟರು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಅದು ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತೆ ಅಂತ ಸೂಸನ್ ಹಾರ್ವಿಟ್ಸ್ ಎಂಬ ವಿಜ್ಞಾನಿ ತೋರಿಸಿದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರಿಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರ ಕೊನೆಗೆ. ತೊಗಟೆ ಸುಲಿದ ದಿನದಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷ. ಇವತ್ತಿಗೂ ಎಷ್ಟೋ ಜನರ ಜೀವ ಉಳಿಸುತ್ತಿರುವ ಔಷಧಿ ಅದು. ಆ ಮೂವತ್ತು ವರ್ಷ ಪೂರ್ತಿ ಹುಡುಕಾಟಕ್ಕೇ ಹೋಯಿತು ಅಂತಲ್ಲ, ಆದರೆ ಕಲಸಿಹೋದ ವಸ್ತುಗಳಲ್ಲಿ ಯಾವುದು ಬೇಕಾದ್ದು ಅಂತ ಬೇರ್ಪಡಿಸೋದೇ ಒಂದು ತಪಸ್ಸಾಗಿತ್ತು. ತೊಗಟೆಯೊಳಗಿನ ಅಣುಗಳಿಗೆ ಹೆಸರಿನ ಚೀಟಿ ಇರಲಿಲ್ಲವಲ್ಲ.

ಆಮೇಲೆ ರೋಬೋಟುಗಳು ಬಂದವು. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ಎನ್‌ಐಎಚ್‌ನ ಎನ್‌ಕ್ಯಾಟ್ಸ್ ಎಂಬ ಕೇಂದ್ರ ಇದೆ. ಅಲ್ಲಿ 1,536 ಪುಟ್ಟ ಗುಳಿಗಳಿರುವ ತಟ್ಟೆಗಳನ್ನು ರೋಬೋಟಿನ ಕೈ ಎತ್ತಿ ಇಡುತ್ತೆ. ನಮ್ಮ ಪಡ್ಡಿನ ಕಾವಲಿಯಲ್ಲಿ ಹನ್ನೆರಡು ಗುಳಿ ಇರುತ್ತಲ್ಲ, ಅದೇ ತರಹ, ಆದರೆ ಬಲು ಚಿಕ್ಕದು. ಒಂದೊಂದು ಗುಳಿಗೆ ಒಂದೊಂದು ಅಣು. ಯಾವುದು ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಿರುತ್ತೆ. ಈ ವಿಧಾನ ಈಗಲೂ ಬಹಳ ಉಪಯೋಗದಲ್ಲಿದೆ, ಚೆನ್ನಾಗಿಯೂ ಇದೆ. ತೊಂದರೆ ಏನಂದ್ರೆ ಎಣಿಕೆ. ಸೆಕೆಂಡಿಗೆ ಒಂದರಂತೆ ನೋಡಿದರೆ ಹತ್ತು ಲಕ್ಷ ಅಣುಗಳಿಗೆ ಹನ್ನೆರಡು ದಿನ ಸಾಕು. ನೂರು ಕೋಟಿ ಅಣುಗಳಿಗೆ? ಸುಮಾರು 32 ವರ್ಷ! ಅಷ್ಟು ಗುಳಿಗಳಿರುವ ತಟ್ಟೆಗಳನ್ನು ಇಡೋದಕ್ಕೆ ಜಾಗವೂ ಸಿಗಲ್ಲ.

1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿದ್ದ ಸಿಡ್ನಿ ಬ್ರೆನರ್ ಮತ್ತು ರಿಚರ್ಡ್ ಲರ್ನರ್ ಒಂದು ಯೋಚನೆ ಮುಂದಿಟ್ಟರು. ಅಣುಗಳನ್ನು ಬೇರೆ ಬೇರೆ ಗುಳಿಗಳಲ್ಲಿ ಯಾಕೆ ಇಡಬೇಕು? ಪ್ರತಿ ಅಣುವಿಗೂ ಅದರದೇ ಹೆಸರಿನ ಚೀಟಿ ಕಟ್ಟಿಬಿಟ್ಟರೆ ಎಲ್ಲವನ್ನೂ ಒಂದೇ ಕಡೆ ಕಲಸಿ ಇಡಬಹುದಲ್ಲ! ಚೀಟಿ ಯಾವುದರದ್ದು ಅಂದರೆ, ಡಿಎನ್‌ಎದು. ಡಿಎನ್‌ಎಗೆ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಆದರೂ ಆರು ಅಕ್ಷರದ ಪದಗಳೇ 4,096 ಆಗುತ್ತವೆ. ಸಾವಿರ ತುಣುಕುಗಳಿಗೆ ಹೆಸರಿಡಲು ಧಾರಾಳವಾಗಿ ಸಾಕು. ಒಂದು ಮಾತು ನೆನಪಿಡಿ: ಈ ಡಿಎನ್‌ಎ ಯಾವ ಪ್ರಾಣಿಯದ್ದೂ, ಗಿಡದ್ದೂ ಅಲ್ಲ. ಮೆಷಿನ್ನಿನಲ್ಲಿ ತಯಾರಿಸಿದ್ದು. ಅದು ಯಾವ ಜೀವಿಯನ್ನೂ ಬೆಳೆಸೋದಿಲ್ಲ, ಬರೀ ಚೀಟಿಯ ಕೆಲಸ ಮಾಡುತ್ತೆ.

ಸರಿ, ನೂರು ಕೋಟಿ ಅಣುಗಳಿಗೆ ಕೂತು ಚೀಟಿ ಕಟ್ಟುವವರು ಯಾರು? ಇಲ್ಲಿದೆ ನನಗೆ ತುಂಬ ಇಷ್ಟವಾದ ಉಪಾಯ.

ನಮ್ಮ ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಯನ್ನೇ ತಗೊಳ್ಳಿ. ಬಾಡಿಗೆಗೆ ಹಿಡಿದ ಹೈಸ್ಕೂಲಿನಲ್ಲಿ ಹತ್ತು ಕೋಣೆಗಳಿವೆ ಅಂತಿಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಮಕ್ಕಳನ್ನು ಹತ್ತು ಗುಂಪು ಮಾಡಿ ಕೋಣೆಗಳಿಗೆ ಕಳಿಸುತ್ತೀವಿ. ಒಂದು ಕೋಣೆಯಲ್ಲಿ ಎಲ್ಲರಿಗೂ ಮೈಸೂರು ಪೇಟ, ಇನ್ನೊಂದರಲ್ಲಿ ಎಲ್ಲರಿಗೂ ಬೇಸ್‌ಬಾಲ್ ಕ್ಯಾಪ್, ಮತ್ತೊಂದರಲ್ಲಿ ಯಕ್ಷಗಾನದ ಕಿರೀಟ. ಪೇಟ ಸುತ್ತಿದ ಆಂಟಿ ಹಾಗೇ ಮಗುವಿನ ಕೈಯಲ್ಲಿರುವ ದಾರಕ್ಕೆ ಪೇಟದ ಗುರುತಿನ ಒಂದು ಮಣಿ ಪೋಣಿಸುತ್ತಾರೆ. ಆಮೇಲೆ ಎಲ್ಲರೂ ಹಾಲ್‌ಗೆ ವಾಪಸ್, ಗಲಾಟೆ, ಓಡಾಟ, ಎಲ್ಲ ಕಲಸುಮೇಲೋಗರ. ಅಲ್ಲಿಂದ ಸಿಕ್ಕಸಿಕ್ಕ ಹಾಗೆ ಮತ್ತೆ ಹತ್ತು ಗುಂಪು. ಎರಡನೇ ಸುತ್ತಿನಲ್ಲಿ ಜುಬ್ಬ, ಟೀ ಶರ್ಟು, ಕೋಟು, ಮತ್ತು ಇನ್ನೊಂದು ಮಣಿ. ಮತ್ತೆ ಹಾಲ್, ಮತ್ತೆ ಗಲಾಟೆ. ಮೂರನೇ ಸುತ್ತಿನಲ್ಲಿ ಪಂಚೆ, ಜೀನ್ಸ್, ಸೀರೆ, ಮತ್ತು ಮೂರನೇ ಮಣಿ. ಮೂರು ಸುತ್ತಿಗೆ ವಾಲಂಟಿಯರುಗಳು ಮೂವತ್ತು ಸಲ ಕೆಲಸ ಮಾಡಿದರು, ಆದರೆ ಸಾಧ್ಯವಿರುವ ವೇಷಗಳು 10 ಗುಣಿಸು 10 ಗುಣಿಸು 10, ಅಂದರೆ ಸಾವಿರ. ಯಾವ ಮಗು ಎಲ್ಲೆಲ್ಲಿ ಹೋಗಿತ್ತು ಅಂತ ಯಾರೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವೇ ಇಲ್ಲ, ಕೈಯ ದಾರ ನೋಡಿದರೆ ಸಾಕು. ಕಣ್ಣು ಮುಚ್ಚಿಕೊಂಡು ಬರೀ ಮಣಿ ಮುಟ್ಟಿ ನೋಡಿದರೂ “ಇದು ಕಿರೀಟ, ಕೋಟು, ಪಂಚೆಯ ಮಗು” ಅಂತ ಹೇಳಬಹುದು.

ಲ್ಯಾಬಿನಲ್ಲೂ ಇಷ್ಟೇ. ಭಾಗ ಮಾಡು, ತುಣುಕು ಜೋಡಿಸು, ಡಿಎನ್‌ಎ ಪದ ಜೋಡಿಸು, ಎಲ್ಲ ಕಲಸು, ಮತ್ತೆ ಭಾಗ ಮಾಡು. ಕೊನೆಗೆ ಪ್ರತಿ ಅಣುವಿಗೂ ಒಂದು ಡಿಎನ್‌ಎ ಬಾಲ ಬೆಳೆದಿರುತ್ತೆ. ಆ ಬಾಲದಲ್ಲಿ ಅದರ ಅಡುಗೆ ವಿಧಾನ ಬರೆದಿರುತ್ತೆ. ತೂಕದ ಲೆಕ್ಕವನ್ನೂ ಒಮ್ಮೆ ನೋಡಿ. ನೂರು ಕೋಟಿ ಬಗೆಯ ಅಣುಗಳು, ಒಂದೊಂದು ಬಗೆಗೂ ಹತ್ತು ಲಕ್ಷ ಪ್ರತಿ, ಪ್ರತಿಯೊಂದಕ್ಕೂ 60 ಜೋಡಿ ಅಕ್ಷರದ ಬಾಲ ಅಂತ ಇಟ್ಟುಕೊಂಡರೆ, ಅಷ್ಟೂ ಸೇರಿ ತೂಗುವುದು ಸುಮಾರು 65 ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದು ಹರಳು ಹೆಚ್ಚು ಕಡಿಮೆ ಅಷ್ಟೇ ತೂಗುತ್ತೆ. ಹೈಸ್ಕೂಲ್ ಕೆಮಿಸ್ಟ್ರಿ ಓದುತ್ತಿರುವ ಅಕ್ಕಂದಿರು ಅಣ್ಣಂದಿರು ಅವೊಗ್ಯಾಡ್ರೋ ಸಂಖ್ಯೆ ಹಿಡಿದು ಈ ಲೆಕ್ಕ ಸರಿಯಾ ಅಂತ ಪರೀಕ್ಷಿಸಬಹುದು.

ಇನ್ನು ಹುಡುಕಾಟ. ಅಯಸ್ಕಾಂತಕ್ಕೆ ಅಂಟುವ ಸಣ್ಣ ಮಣಿಗಳ ಮೇಲೆ ನಮಗೆ ಬೇಕಾದ ಪ್ರೋಟೀನನ್ನು ಕೂರಿಸುತ್ತಾರೆ. ಅದನ್ನು ಲೈಬ್ರರಿಯ ಟ್ಯೂಬಿಗೆ ಹಾಕಿ ಸ್ವಲ್ಪ ಹೊತ್ತು ಬಿಡ್ತಾರೆ. ನೂರು ಕೋಟಿ ಅಣುಗಳೂ ಒಂದೇ ಸಲಕ್ಕೆ ಪ್ರೋಟೀನಿನ ಗುಳಿಯಲ್ಲಿ ಕೂತು ನೋಡುತ್ತವೆ. ಆಮೇಲೆ ಟ್ಯೂಬಿನ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಮಣಿಗಳು ಗೋಡೆಗೆ ಅಂಟಿ ನಿಲ್ಲುತ್ತವೆ, ಉಳಿದ ನೀರನ್ನು ಚೆಲ್ಲಬಹುದು. ಅಕ್ಕಿ ತೊಳೆದ ಹಾಗೆ ಎರಡು ಮೂರು ನೀರಿನಲ್ಲಿ ತೊಳೆದರೆ ಗಟ್ಟಿಯಾಗಿ ಹಿಡಿದುಕೊಂಡವು ಮಾತ್ರ ಉಳಿಯುತ್ತವೆ. ಬಿಸಿ ಮಾಡಿದರೆ ಪ್ರೋಟೀನಿನ ಆಕಾರ ಕೆಟ್ಟು ಅವೂ ಕೈಬಿಟ್ಟು ಹೊರಗೆ ಬರುತ್ತವೆ. ಇದನ್ನೇ ಎರಡು ಮೂರು ಸಲ ಮಾಡ್ತಾರೆ.

ಕೊನೆಗೆ ಉಳಿಯುವ ಅಣುಗಳು ಎಷ್ಟು ಕಡಿಮೆ ಅಂದರೆ ಯಾವ ತಕ್ಕಡಿಗೂ ಸಿಗಲ್ಲ. ಇಲ್ಲಿ ನಮ್ಮ ದಕ್ಷಿಣದ ಹುಡುಗನೊಬ್ಬ ಸಹಾಯಕ್ಕೆ ಬರ್ತಾನೆ. ಕ್ಯಾರಿ ಮಲ್ಲಿಸ್ ಹುಟ್ಟಿದ್ದು 1944ರಲ್ಲಿ ನಾರ್ತ್ ಕೆರೊಲಿನಾದ ಲೆನೋರ್‌ನಲ್ಲಿ, ಬೆಳೆದದ್ದು ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ, ಕೆಮಿಸ್ಟ್ರಿ ಡಿಗ್ರಿ ಮಾಡಿದ್ದು ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ, 1966ರಲ್ಲಿ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವಾಗ, 1983ರಲ್ಲಿ, ಅವರಿಗೆ ಪಿಸಿಆರ್ ಹೊಳೆಯಿತು. ಹೌದು, ಕೋವಿಡ್ ಸಮಯದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದಿರಲ್ಲ, ಅದೇ ಪಿಸಿಆರ್. ಡಿಎನ್‌ಎಯ ಒಂದು ಪ್ರತಿಯನ್ನು ಎರಡು ಮಾಡು, ಎರಡನ್ನು ನಾಲ್ಕು ಮಾಡು. ಮೂವತ್ತು ಸಲ ಹೀಗೆ ಮಾಡಿದರೆ ಒಂದೇ ಒಂದು ಚೀಟಿ 107 ಕೋಟಿ ಚೀಟಿ ಆಗುತ್ತೆ. ಇದಕ್ಕಾಗಿ ಮಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. (ಏಡ್ಸ್ ಬಗ್ಗೆ ಆಧಾರವಿಲ್ಲದ ಮಾತುಗಳನ್ನು ಆಡಿದವರೂ ಇವರೇ. ನೊಬೆಲ್ ಬಂದವರ ಮಾತಿಗೂ ಪುರಾವೆ ಕೇಳಬೇಕಾಗುತ್ತೆ.) ಪಿಸಿಆರ್ ಪ್ರತಿ ಮಾಡೋದು ಚೀಟಿಯನ್ನು ಮಾತ್ರ, ಅಣುವನ್ನಲ್ಲ. ಆದರೆ ನಮಗೆ ಬೇಕಾದ್ದೂ ಚೀಟಿಯೇ ತಾನೆ?

ಆ ಚೀಟಿಗಳನ್ನು ಓದಲು ಡಿಎನ್‌ಎ ಸೀಕ್ವೆನ್ಸಿಂಗ್ ಮೆಷಿನ್ ಬೇಕು. ಬ್ರೆನರ್ ಮತ್ತು ಲರ್ನರ್ ಬರೆದ ಕಾಲದಲ್ಲಿ ಓದುವುದು ಬಲು ನಿಧಾನ, ಬಲು ದುಬಾರಿ. ಮನುಷ್ಯನ ಪೂರ್ತಿ ಜೀನೋಮ್ ಓದುವ ಯೋಜನೆ 2003ರಲ್ಲಿ ಮುಗಿಯಿತು, ಅದರಲ್ಲಿ ಬೆಥೆಸ್ಡಾದ ಎನ್‌ಐಎಚ್‌ನದು ದೊಡ್ಡ ಪಾತ್ರ. ಅದರ ಹಿಂದೆಯೇ ಅಗ್ಗದ, ವೇಗದ ಮೆಷಿನ್‌ಗಳು ಬಂದವು. ಡೆಲ್ ನಿಜವಾಗಿ ಜೀವ ತಳೆದದ್ದು ಆಗಲೇ. 2009ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿಯ ವಿಜ್ಞಾನಿಗಳು 80 ಕೋಟಿ ಅಣುಗಳ ಲೈಬ್ರರಿಯಿಂದ ಪ್ರೋಟೀನ್ ಹಿಡಿಯುವ ಅಣುಗಳನ್ನು ಹೆಕ್ಕಿ ತೋರಿಸಿದರು.

ಓದಿದ ಮೇಲೆ ಎಣಿಸಬೇಕು. ಸುಮ್ಮನೆ ಬಂದು ಸೇರಿದ ಚೀಟಿ ಒಂದೋ ಎರಡೋ ಸಲ ಸಿಕ್ಕಿರುತ್ತೆ, ಗೆದ್ದ ಚೀಟಿ ಮತ್ತೆ ಮತ್ತೆ ಸಿಗುತ್ತೆ. ಅಷ್ಟಕ್ಕೇ ನಂಬಬಾರದು. ಪ್ರೋಟೀನೇ ಇಲ್ಲದ ಬರಿಯ ಮಣಿಗಳಿರುವ ಇನ್ನೊಂದು ಟ್ಯೂಬಿನಲ್ಲೂ ಇದೇ ಆಟ ಆಡಿಸಿರುತ್ತಾರೆ. ಅಲ್ಲೂ ಗೆದ್ದ ಅಣು ಪ್ರೋಟೀನನ್ನಲ್ಲ, ಮಣಿಯನ್ನು ಹಿಡಿದದ್ದು. ಅದನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಗೆದ್ದವರ ಪಟ್ಟಿಯಲ್ಲಿ ಒಂದೇ ಮನೆಯವರು ಸಾಲಾಗಿ ಕಂಡರೆ, ಅಂದರೆ ಮೊದಲ ಎರಡು ತುಣುಕು ಅದೇ ಇದ್ದು ಮೂರನೆಯದು ಮಾತ್ರ ಸ್ವಲ್ಪ ಬೇರೆ ಇದ್ದರೆ, ನಂಬಿಕೆ ಹೆಚ್ಚುತ್ತೆ.

ಮೋಸಗಳು ಇನ್ನೂ ಇವೆ. ಡಿಎನ್‌ಎ ನಾಜೂಕು. ಆಸಿಡ್ ಹೆಚ್ಚಾದರೆ ಕೆಡುತ್ತೆ. ಹಾಗಾಗಿ ನೀರಿನಲ್ಲಿ, ಮೆತ್ತಗೆ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಮಾತ್ರ ಬಳಸಬಹುದು. ಟ್ಯಾಕ್ಸಾಲ್‌ನಂಥ ಜಟಿಲವಾದ ಅಣುವನ್ನು ಹೀಗೆ ಮೂರು ಹೆಜ್ಜೆಯಲ್ಲಿ ಕಟ್ಟೋದು ಆಗದ ಮಾತು. ಮರಕ್ಕೆ ಗೊತ್ತಿರುವ ಕೆಮಿಸ್ಟ್ರಿ ಇನ್ನೂ ನಮ್ಮದಕ್ಕಿಂತ ದೊಡ್ಡದು. ಇನ್ನೊಂದು ಮೋಸ ಏನಂದ್ರೆ, ಮಣಿ ಪೋಣಿಸಿದ್ದಾರೆ, ಆದರೆ ಸೀರೆ ಉಡಿಸಿಯೇ ಇಲ್ಲ! ಮೂರನೇ ಕ್ರಿಯೆ ಸರಿಯಾಗಿ ನಡೆಯದಿದ್ದರೂ ಚೀಟಿ “ನಡೆದಿದೆ” ಅಂತ ಹೇಳುತ್ತೆ. ಜೊತೆಗೆ ಕೆಲವು ಪ್ರೋಟೀನುಗಳ ಕಸುಬೇ ಡಿಎನ್‌ಎ ಹಿಡಿಯೋದು. ಅವು ಅಣುವನ್ನು ನೋಡದೆ ಬಾಲವನ್ನೇ ಹಿಡಿದುಬಿಡುತ್ತವೆ. ಅದಕ್ಕೇ ಗೆದ್ದ ಅಣುವನ್ನು ಬಾಲವಿಲ್ಲದೆ ಹೊಸದಾಗಿ ತಯಾರಿಸಿ, ಒಂಟಿಯಾಗಿ ಪರೀಕ್ಷೆ ಮಾಡ್ತಾರೆ. ತುಂಬ ಗೆಲುವುಗಳು ಇಲ್ಲೇ ಬಿದ್ದುಹೋಗುತ್ತವೆ.

ಇದನ್ನೂ ದಾಟಿದ ಅಣು ಔಷಧಿಯಾ? ಅಲ್ಲ. ಪ್ರೋಟೀನನ್ನು ಹಿಡಿಯೋದು ಬೇರೆ, ಕಾಯಿಲೆ ವಾಸಿ ಮಾಡೋದು ಬೇರೆ. ಗ್ಲಾಕ್ಸೋದವರಿಗೆ ಡೆಲ್ ಮೂಲಕ ಆರ್‌ಐಪಿಕೆ1 ಎಂಬ ಪ್ರೋಟೀನನ್ನು ಬಹಳ ಚೆನ್ನಾಗಿ ಹಿಡಿಯುವ ಅಣು ಸಿಕ್ಕಿತು. ಉರಿಯೂತದ ಕಾಯಿಲೆ ಇರುವ ರೋಗಿಗಳ ಮೇಲಿನ ಪರೀಕ್ಷೆ ತನಕವೂ ಹೋಯಿತು. ಆದರೆ ಕರುಳಿನ ಮತ್ತು ಕೀಲಿನ ಉರಿಯೂತದಲ್ಲಿ ನಿರೀಕ್ಷಿಸಿದ ಉಪಯೋಗ ಕಾಣಲಿಲ್ಲ. ಬೀಗಕ್ಕೆ ಕೀಲಿ ಸರಿಯಾಗಿ ಕೂತಿತ್ತು, ಆ ಬಾಗಿಲ ಹಿಂದೆ ಹುಡುಕುತ್ತಿದ್ದ ವಸ್ತು ಇರಲಿಲ್ಲ ಅನ್ನಬಹುದು. ವೇಗವನ್ನು ಮಾತ್ರ ಒಪ್ಪಲೇಬೇಕು. ಕೋವಿಡ್ ವೈರಸ್ ತನ್ನ ಪ್ರೋಟೀನುಗಳನ್ನು ಕತ್ತರಿಸಲು ಬಳಸುವ ಪ್ರೋಟೀನನ್ನು ತಡೆಯುವ ಅಣುಗಳನ್ನು ಹ್ಯೂಸ್ಟನ್ನಿನ ಬೇಲರ್ ಮೆಡಿಕಲ್ ಕಾಲೇಜಿನವರು ಡೆಲ್‌ನಿಂದ ಹುಡುಕಿ 2021ರಲ್ಲೇ ಪ್ರಕಟಿಸಿದರು.

ಚಾಪೆಲ್ ಹಿಲ್‌ನ ಯುಎನ್‌ಸಿಯಲ್ಲಿ ಸ್ಟ್ರಕ್ಚರಲ್ ಜೀನೋಮಿಕ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯ ಒಂದು ಶಾಖೆ ಇದೆ. ಅವರು ಸೇರಿರುವ ಯೋಜನೆಯ ಹೆಸರು ಟಾರ್ಗೆಟ್ 2035. ಮನುಷ್ಯನ ಹೆಚ್ಚುಕಡಿಮೆ ಎಲ್ಲ ಪ್ರೋಟೀನುಗಳಿಗೂ ಅದನ್ನು ಹಿಡಿಯುವ ಒಂದೊಂದು ಅಣುವನ್ನು 2035ರ ಹೊತ್ತಿಗೆ ಹುಡುಕಿ, ಗುಟ್ಟು ಮಾಡದೆ ಎಲ್ಲರಿಗೂ ಕೊಡಬೇಕು ಅನ್ನೋದು ಅದರ ಗುರಿ. ಅದಕ್ಕೆ ಡೆಲ್ ಒಂದು ಮುಖ್ಯ ಸಾಧನ. ಯಾವ ಕಂಪನಿಗೂ ಲಾಭ ಕಾಣದ, ಅಪರೂಪದ ಕಾಯಿಲೆಗಳ ಹಿಂದಿರುವ ಪ್ರೋಟೀನುಗಳಿಗೂ ಆಗ ಸರದಿ ಬರುತ್ತೆ. ಅಷ್ಟರಲ್ಲಿ ಮುಗಿಯುತ್ತಾ ಅಂತ ಕೇಳಿದರೆ ನನಗೆ ಸಂಶಯವೇ. ಆದರೆ ಎಲ್ಲರಿಗೂ ಬಿಟ್ಟುಕೊಡುವ ಕ್ರಮ ಮಾತ್ರ ಬಹಳ ಸರಿ ಅನ್ನಿಸುತ್ತೆ.

ಮನೆಯಲ್ಲಿ ಮಾಡಿ ನೋಡಬೇಕು ಅನ್ನುವವರಿಗೆ ಒಂದು ಆಟ. ಅಮ್ಮನ ಹತ್ತಿರ 54 ಸೇಫ್ಟಿ ಪಿನ್ ಕೇಳಿ. ಮೂರು ಬಟ್ಟಲಲ್ಲಿ ಕೆಂಪು, ಹಳದಿ, ಹಸಿರು ಮಣಿ ಇಡಿ. ಪಿನ್ನುಗಳನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಬಣ್ಣದ ಮಣಿ ಪೋಣಿಸಿ. ಎಲ್ಲವನ್ನೂ ಡಬ್ಬಕ್ಕೆ ಹಾಕಿ ಕುಲುಕಿ, ನೋಡದೆ ಮತ್ತೆ ಮೂರು ಪಾಲು ಮಾಡಿ. ಹೀಗೆ ಮೂರು ಸುತ್ತು. ಸಾಧ್ಯವಿರುವ ಬಗೆಗಳು 27, ನಿಮ್ಮ ಹತ್ತಿರ ಪಿನ್ನು ಅದರ ಎರಡರಷ್ಟು ಇದೆ. ಆದರೂ ಸಾಲಾಗಿ ಜೋಡಿಸಿ ನೋಡಿದರೆ ಎರಡೋ ಮೂರೋ ಬಗೆ ಸಿಗದೇ ಹೋಗಿರುವ ಸಾಧ್ಯತೆಯೇ ಹೆಚ್ಚು. ವಿಜ್ಞಾನಿಗಳು ಪ್ರತಿ ಬಗೆಗೂ ಅಷ್ಟೊಂದು ಪ್ರತಿ ಯಾಕೆ ಇಡ್ತಾರೆ ಅಂತ ಆಗ ಕಾಣುತ್ತೆ. ಪಿನ್ನು 270 ಇದ್ದರೆ ಏನಾಗುತ್ತೆ ಅಂತಲೂ ನೋಡಬಹುದು, ಅಷ್ಟು ಪಿನ್ನು ಮನೆಯಲ್ಲಿ ಇದ್ದರೆ. ಆಟ ಮುಗಿದ ಮೇಲೆ ಎಣಿಸಿ ವಾಪಸ್ ಕೊಡಿ, ಕಾರ್ಪೆಟ್ಟಿನಲ್ಲಿ ಒಂದೂ ಉಳಿಯದ ಹಾಗೆ.